ನಾಡಿಮಿಡಿತ ಮತ್ತು ನೋಡಿಲ್ಲೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ; ನಾನಾದರೋ ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲೇ ಮರೆಯುವವಳು. ತೊಂಬತ್ತರ ದಶಕದ ಕೊನೆಯಿರಬೇಕು, ಆಗ ನಾವು ಕೆನಡಾದ ಪೋರ್ಟ್ ಕ್ರೆಡಿಟ್‌ನಲ್ಲಿದ್ದೆವು. ಪಕ್ಕದ ಮನೆಯ ನೋರಾ ಐರ್ಲೆಂಡಿನವಳು. ಗಂಡ ಹಿಮ ಎತ್ತಿಹಾಕಲು ಹೊರಟರೆ ಬಾಗಿಲಿಂದಲೇ "ಅಕುಷ್ಲಾ, ಟೋಪಿ" ಎನ್ನುವಳು. ಅಕುಷ್ಲಾ ಎಂದರೆ ನಾಡಿಮಿಡಿತವಂತೆ. ಪೂರ್ತಿ ಹೇಳಿದರೆ 'ನನ್ನೆದೆಯ ಮಿಡಿತವೇ' ಎಂದು. ಅವರ ಹಳೆಯ ಐರಿಷ್ ಮಾತು ಇಂಗ್ಲಿಷಿನ ಬಾಯಲ್ಲಿ ಸವೆದು ಹೀಗಾಯಿತಂತೆ. 'ಅಸ್ಟೋರ್' ಎಂದರೆ ನನ್ನ ನಿಧಿಯೇ. ಅದು ಅಂಚೆಯವನಿಗೂ ಸಿಗುತ್ತಿತ್ತು. ಇಷ್ಟು ಹೇಳಿ, ನಿನ್ನ ಗಂಡ ನಿನ್ನನ್ನು ಏನೆಂದು ಕರೆಯುತ್ತಾನೆ ಎಂದು ಕೇಳಿದಳು.

ನಮ್ಮವರು ಹುಬ್ಬಳ್ಳಿಯವರು. ಮದುವೆಯಾದಂದಿನಿಂದ ನಾನು "ನೋಡಿಲ್ಲೆ". ಅದರರ್ಥ 'ಇಲ್ಲಿ ನೋಡು' ಎಂದಷ್ಟೇ ಅಂತ ಹೇಳಲು ನಾಚಿಕೆಯಾಗಿ, ಬಹಳ ಪ್ರಾಚೀನ ಪದ, ಅನುವಾದಕ್ಕೆ ಸಿಗುವುದಿಲ್ಲ ಎಂದೆ. ನೋರಾ ಗೌರವದಿಂದ ತಲೆಯಾಡಿಸಿದಳು.

ಅಂದಿನಿಂದ ನನಗೊಂದು ಆಸೆ ಅಂಟಿಕೊಂಡಿತು. ಇವರು ಒಮ್ಮೆಯಾದರೂ ನನ್ನನ್ನು ಏನಾದರೂ ಅಂತ ಕರೆಯಬೇಕು. ನಿಧಿ ಬೇಡ, ಹೆಸರಾದರೂ ಸಾಕು. ಊಟಕ್ಕೆ ಕೂತಾಗ ಮೆಲ್ಲನೆ ನಾಡಿಮಿಡಿತದ ವಿಷಯ ತೆಗೆದೆ. ಇವರು ಚಪಾತಿ ಮುರಿಯುತ್ತ, "ಯಾಕ, ಬಿ.ಪಿ. ಏನರ ಹೆಚ್ಚಾಗೇದೇನು?" ಎಂದರು.

ಬೇಸಿಗೆಯಲ್ಲಿ ಸರೋವರದ ದಂಡೆಯಲ್ಲಿ ಕನ್ನಡಿಗರ ಪಿಕ್‌ನಿಕ್ಕು. ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದ ಅತ್ತೆಯನ್ನೂ ನೋರಾಳನ್ನೂ ಕರೆದುಕೊಂಡು ಹೋಗಿದ್ದೆವು. ಗುಂಪಿನಾಚೆಯಿಂದ ಇವರು "ನೋಡಿಲ್ಲೆ" ಎಂದು ಕೂಗಿದರು. ಧಾರವಾಡದ ಕಡೆಯ ಹೆಂಗಸರೆಲ್ಲ ತಿರುಗಿದರು. ನನಗೊಂದು ಹೆಸರಿಲ್ಲವೇ ಎಂದು ಅಲ್ಲೇ ದಬಾಯಿಸಿಬಿಡೋಣವೆಂದು ನಾನು ಗಟ್ಟಿಯಾಗಿ "ರೀ" ಎಂದೆ. ಗಂಡಸರೆಲ್ಲ ತಿರುಗಿದರು. ನೋರಾ ನನ್ನ ಕಿವಿಯಲ್ಲಿ, ಇದೂ ಪ್ರಾಚೀನವೇ ಎಂದಳು.

ಮನೆಗೆ ಬಂದ ಮೇಲೆ ಅತ್ತೆ ಜಮಖಾನೆ ಮಡಿಸುತ್ತಿದ್ದರು. ಮಗನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಮೂಲಕ್ಕೇ ಹೋಗಿ ಕೇಳಿದೆ. "ಅತ್ತೆ, ಯಾರೂ ಇಲ್ಲದಾಗ ಮಾವ ನಿಮ್ಮನ್ನ ಏನಂತ ಕರೀತಿದ್ರು?"

ಅತ್ತೆಯ ಕೈ ನಿಂತಿತು. ನಕ್ಕರೋ ಇಲ್ಲವೋ, ಆ ಬಗ್ಗೆ ಪ್ರಮಾಣ ಮಾಡಲಾರೆ. "ಒಲಿ ಮ್ಯಾಲೆ ಹಾಲು ಇಟ್ಟೇನಿ, ತಡಿಯವಾ" ಎಂದು ಎದ್ದು ಒಳಗೆ ಹೋದರು. ಉಳಿದದ್ದೆಲ್ಲ ತಪ್ಪಿದ್ದರೂ ಇಷ್ಟು ನಿಜ: ಒಲೆಯ ಮೇಲೆ ಹಾಲಿರಲಿಲ್ಲ.