ಸರದಾರನ ಜಾಗಕ್ಕೆ ಬಂದವನು

ಮನೆಯಲ್ಲಿ ತಮ್ಮ ಸ್ಥಾನ ಎಷ್ಟನೆಯದು ಎಂಬ ಬಗ್ಗೆ ಇನ್ಶೂರೆನ್ಸ್ ಏಜೆಂಟರಿಗೆ ಅನುಮಾನವೇ ಇರಲಿಲ್ಲ. ಮೊದಲು ಹೆಂಡತಿ, ಆಮೇಲೆ ಅತ್ತೆ, ಆಮೇಲೆ ನಡುಮನೆಯ ಗಾಜಿನ ತೊಟ್ಟಿಯಲ್ಲಿರುವ ಸರದಾರ. ಅದಾದ ಮೇಲೂ ಜಾಗ ಉಳಿದಿದ್ದರೆ ಅವರು.

ಸರದಾರ ಎಂದರೆ ಅಂಗೈ ಉದ್ದದ ಒಂದು ನೀಲಿ ಸೀಗಡಿ. ಇಕ್ಕಳದಂಥ ಎರಡು ಕೈ, ಚಾವಟಿಯಂಥ ಮೀಸೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಡತಿ ಸಂಜೆ ಬಂದವಳೇ ಮೊದಲು ಅದನ್ನು ಮಾತಾಡಿಸುತ್ತಿದ್ದಳು. "ಊಟ ಆಯ್ತಾ ರಾಜಾ?" ಎಂಬ ದನಿ ಕೇಳಿ ಏಜೆಂಟರು ಒಳಕೋಣೆಯಿಂದ "ಇನ್ನೂ ಇಲ್ಲ" ಎಂದು ಉತ್ತರಿಸಿ ಎಷ್ಟೋ ಸಲ ಪೆಚ್ಚಾಗಿದ್ದರು.

ಹೀಗಿರುವಾಗ ಹೆಂಡತಿಗೆ ಪರವೂರಿನಲ್ಲಿ ಒಂದು ವಾರದ ತರಬೇತಿ ಬಂತು. ಹೊರಡುವ ಮುನ್ನ ಅಪ್ಪಣೆಗಳಾದವು.

"ದಿನಕ್ಕೆ ಒಂದೇ ಕಾಳು ಆಹಾರ. ನೀರಿಗೆ ಕೈ ಹಾಕ್ಬೇಡಿ. ಸ್ವಂತ ಬುದ್ಧಿ ಅಂತೂ ಉಪಯೋಗಿಸಲೇಬೇಡಿ."

"ನಾನೇನು ಚಿಕ್ಕ ಮಗುನಾ?"

"ಅಲ್ಲ. ಮಕ್ಕಳು ಹೇಳಿದ ಮಾತು ಕೇಳ್ತಾರೆ."

ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ಬೆಳಿಗ್ಗೆ ಏಜೆಂಟರು ಕಾಫಿ ಲೋಟ ಹಿಡಿದು ತೊಟ್ಟಿಯೊಳಗೆ ಇಣುಕಿದರೆ, ಸರದಾರ ಮಗುಚಿ ಬಿದ್ದಿದ್ದಾನೆ! ಕಣ್ಣಿವೆ, ಮೀಸೆಯಿದೆ, ಕಾಲುಗಳೆಲ್ಲ ಇವೆ. ಚಲನೆ ಮಾತ್ರ ಇಲ್ಲ. ಕಂಡವರ ಮನೆಯಲ್ಲಿ ಕೂತು "ನಾಳೆ ನೀವೇ ಇಲ್ಲ ಅಂತ ಇಟ್ಕೊಳ್ಳಿ" ಎಂದು ನಗುನಗುತ್ತಾ ಹೇಳಿ ಹೊಟ್ಟೆ ಹೊರೆಯುವ ಏಜೆಂಟರು ಕಾಫಿ ಲೋಟವನ್ನು ಅಲ್ಲೇ ಕುಕ್ಕಿ ಕೂಗಿಕೊಂಡರು.

"ಅತ್ತೇ! ಸರದಾರ ಹೋಗ್ಬಿಟ್ಟ!"

ಅತ್ತೆ ಓಡಿಬಂದರು. ಇಷ್ಟು ದಿನ ಅದನ್ನು ಚೇಳು ಎಂದೇ ಕರೆದು, ತೊಟ್ಟಿಯಿಂದ ಮಾರು ದೂರ ನಡೆಯುತ್ತಿದ್ದ ಅದೇ ಅತ್ತೆ ಈಗ ಸೆರಗು ಬಾಯಿಗಿಟ್ಟುಕೊಂಡು, "ಎಂಥ ಗಾಂಭೀರ್ಯ ಇತ್ತಪ್ಪಾ ಆ ಜೀವಕ್ಕೆ!" ಎಂದು ಗಳಗಳನೆ ಅತ್ತರು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದರು: "ಅವಳಿಗೆ ಏನಂತ ಹೇಳ್ತೀರಿ ಅಳಿಯಂದ್ರೇ?"

ಆ ಪ್ರಶ್ನೆಯೇ ಏಜೆಂಟರಿಗೆ ಸ್ವಂತ ಬುದ್ಧಿ ಉಪಯೋಗಿಸುವಂತೆ ಮಾಡಿತು. ಪಾರ್ಥಿವ ಶರೀರವನ್ನು ಚಮಚದಿಂದ ಎತ್ತಿ, ಬಿಳಿ ಕರವಸ್ತ್ರದಲ್ಲಿ ಸುತ್ತಿ, ಬಾಲ್ಕನಿಯ ಗುಲಾಬಿ ಕುಂಡದಲ್ಲಿ ಮಣ್ಣು ಮಾಡಿದರು. (ಹಗುರವಾಗಿದೆ ಅನ್ನಿಸಿತು, ಪ್ರಾಣ ಹೋದ ಮೇಲೆ ಭಾರ ಎಲ್ಲಿಂದ ಬರಬೇಕು ಎಂದುಕೊಂಡರು.) ನಂತರ ಅಕ್ವೇರಿಯಂ ಅಂಗಡಿಗೆ ಹೋಗಿ, ಫೋನಿನಲ್ಲಿದ್ದ ಫೋಟೊ ತೋರಿಸಿ, ಅದೇ ನೀಲಿಯ, ಅದೇ ಮೀಸೆಯ ಇನ್ನೊಂದನ್ನು ತಂದು ತೊಟ್ಟಿಗೆ ಬಿಟ್ಟರು.

ಸಂಜೆ ಹೆಂಡತಿ ವಿಡಿಯೊ ಕಾಲ್ ಮಾಡಿದಳು. "ಏನ್ರೀ, ಇಷ್ಟು ದಪ್ಪ ಆಗಿದ್ದಾನೆ?"

"ನನ್ನ ಆರೈಕೆ ಕಣೇ. ನೀನು ಅರೆಹೊಟ್ಟೆಗೆ ಹಾಕ್ತಿದ್ದೆ."

ಹೆಂಡತಿ ಫೋನನ್ನು ಕಣ್ಣಿಗೆ ಹತ್ತಿರ ತಂದು ಇನ್ನೊಮ್ಮೆ ನೋಡಿದಳು. ಏಜೆಂಟರು ಅದನ್ನು ಮೆಚ್ಚುಗೆ ಎಂದು ಭಾವಿಸಿದರು.

ಭಾನುವಾರ ಹೆಂಡತಿ ಬಂದಳು. ಏಜೆಂಟರು ಮುಂದೆ ನಿಂತು, "ನೋಡು, ನಿನ್ನ ಗುರುತು ಹಿಡಿದ! ಹೇಗೆ ಮೀಸೆ ಆಡಿಸ್ತಿದ್ದಾನೆ!" ಎಂದು ವರ್ಣಿಸುತ್ತಿದ್ದರು. ಅಷ್ಟರಲ್ಲಿ ತೊಟ್ಟಿಯ ಮೂಲೆಯಲ್ಲಿ ಕವುಚಿ ಹಾಕಿದ್ದ ಮಡಕೆ ಚೂರಿನ ಅಡಿಯಿಂದ ಮೊದಲು ಒಂದು ಮೀಸೆ, ಆಮೇಲೆ ಎರಡು ಇಕ್ಕಳ, ಕೊನೆಗೆ ಫಳಫಳ ಹೊಳೆಯುತ್ತಾ ಸಾಕ್ಷಾತ್ ಸರದಾರನೇ ಹೊರಬಂದ.

ಅತ್ತೆ "ಅಯ್ಯೋ ದೇವರೇ!" ಎಂದು ಸೋಫಾದ ಮೇಲೆ ಕುಸಿದರು.

ಹೆಂಡತಿ ಅತ್ತ ನೋಡಿದಳು, ಇತ್ತ ನೋಡಿದಳು, ಗಂಡನನ್ನು ನೋಡಿದಳು. "ರೀ, ಈ ಇನ್ನೊಬ್ಬ ಯಾರು?"

ಏಜೆಂಟರು "ನೆಂಟ ಇರ್ಬೇಕು" ಎಂದುಬಿಟ್ಟರು.

ಅತ್ತೆ ನಡೆದದ್ದನ್ನೆಲ್ಲ ಬಾಯಿಬಿಟ್ಟ ಮೇಲೆ ಬಾಲ್ಕನಿಯಲ್ಲಿ ಸಮಾಧಿಯನ್ನು ಅಗೆಯಲಾಯಿತು. ಕರವಸ್ತ್ರ ಬಿಚ್ಚಿದ ಹೆಂಡತಿ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. "ಇದು ಬರೀ ಪೊರೆ ಕಣ್ರೀ! ಅವನು ಬೆಳೆದಾಗ ಚಿಪ್ಪು ಕಳಚ್ತಾನೆ. ಹೊಸದು ಗಟ್ಟಿಯಾಗೋ ತನಕ ಅಡಗಿ ಕೂರ್ತಾನೆ. ಕಳಚಿದ್ದನ್ನ ಆಮೇಲೆ ಅವನೇ ತಿಂತಾನೆ. ನೀವು ಅವನ ಊಟ ಹೂತುಹಾಕಿದ್ದೀರಿ!"

ಅಳಿಯನ ಪರ ವಹಿಸಲು ಅತ್ತೆ ಬಾಯಿ ಹಾಕಿದರು. "ನಗಬೇಡ್ವೇ. ಪಾಪ, ಆವತ್ತು ದುಃಖಕ್ಕೆ ಊಟಾನೇ ಬಿಟ್ಟಿದ್ರು."

ಹೆಂಡತಿಯ ನಗು ಥಟ್ಟನೆ ನಿಂತಿತು. "ಊಟ ಬಿಟ್ರಾ? ನನಗೆ ಅಪೆಂಡಿಕ್ಸ್ ಆಪರೇಷನ್ ಆದ ದಿನ ಆಸ್ಪತ್ರೆ ಕ್ಯಾಂಟೀನಲ್ಲಿ ಎರಡೆರಡು ಸಲ ಊಟ ಮಾಡಿ, ಉಪ್ಪು ಕಮ್ಮಿ ಅಂತ ನನಗೇ ದೂರು ಹೇಳಿದ್ರಲ್ಲ!"

ಅತ್ತೆಯ ವಕಾಲತ್ತು ಅಲ್ಲಿಗೇ ಮುಗಿಯಿತು.

ಇಬ್ಬರನ್ನೂ ಒಂದೇ ತೊಟ್ಟಿಯಲ್ಲಿ ಇಡುವಂತಿಲ್ಲ, ಕಿತ್ತಾಡಿ ಸಾಯುತ್ತಾರೆ ಎಂದಳು ಹೆಂಡತಿ. ಆದ್ದರಿಂದ ಏಜೆಂಟರ ಬರೆಯುವ ಮೇಜು ಖಾಲಿಯಾಗಿ ಅಲ್ಲಿ ಎರಡನೆಯ ತೊಟ್ಟಿ ಕೂತಿತು. ನೆಂಟನನ್ನು ಬಲೆಯಲ್ಲಿ ಎತ್ತುವಾಗ ಹೆಂಡತಿ ಕೂಗಿದಳು. "ರೀ, ಇದು ಅವನಲ್ಲ, ಅವಳು! ಬಾಲದ ಅಡಿ ನೋಡಿ, ಮೊಟ್ಟೆ ಗೊಂಚಲು ಗೊಂಚಲು. ನಿಮ್ಮ ಆರೈಕೇಲಿ ದಪ್ಪ ಆಗಿದ್ದು ಇದಕ್ಕೇ!"

"ಎಷ್ಟಿರಬಹುದು?" ಎಂದರು ಏಜೆಂಟರು ಕ್ಷೀಣ ಸ್ವರದಲ್ಲಿ.

"ನೂರಾರು."

"ಮನೆಗೆ ಕರ್ಕೊಂಡು ಬಂದೋರು ನೀವು," ಎಂದು ಅತ್ತೆ ತೀರ್ಪು ಕೊಟ್ಟರು. "ತವರು ಇಲ್ಲದ ಹೆಣ್ಣು. ಬಾಣಂತನ ನೀವೇ ಮಾಡ್ಬೇಕು."

ಮಾಡಿದರು. ನೀರು ಬದಲಿಸಿದರು, ಪಂಪು ತೊಳೆದರು. ಮರಿಗಳು ಹೊರಬರತೊಡಗಿದ ದಿನ ಹೆಂಡತಿ ಶಾಲೆಗೆ ಹೋಗಿದ್ದಳು. ಏಜೆಂಟರು ಒದ್ದೆ ಕೈಯಲ್ಲೇ ಫೋನ್ ಎತ್ತಿ ಗಿರಾಕಿಯೊಬ್ಬರಿಗೆ, "ಇವತ್ತು ಬರಕ್ಕಾಗಲ್ಲ ಸಾರ್, ಮನೇಲಿ ಹೆರಿಗೆ ಆಗ್ತಿದೆ" ಎಂದರು. ಗಿರಾಕಿ ಆಚೆಯಿಂದ ಖುಷಿಯಾಗಿ ಏನೇನೋ ಹೇಳಿದರು. ಪಂಪಿನ ಗುಳುಗುಳುವಿನಲ್ಲಿ ಅದು ಸರಿಯಾಗಿ ಕೇಳಲಿಲ್ಲ. ಆ ಗಿರಾಕಿ ಹೆಂಡತಿಯ ಶಾಲೆಯ ಹೆಡ್ ಮಾಸ್ತರರು ಎಂಬುದು ಫೋನ್ ಇಟ್ಟ ಮೇಲೆ ನೆನಪಾಯಿತು.

ಸ್ವಲ್ಪ ಹೊತ್ತಿಗೆ ಆಟೊ ಬಂದು ನಿಂತ ಸದ್ದಾಯಿತು, ಹೆಂಡತಿ ದಡದಡನೆ ಇಳಿದು ಬಂದಳು. ಹೆಡ್ ಮಾಸ್ತರರು ತರಗತಿಗೇ ಬಂದು, ಪಾಠ ಮಾಡುತ್ತಿದ್ದ ಹೆಂಡತಿಯನ್ನು ಬಾಗಿಲ ಬಳಿ ಕರೆದು, ಭಾರಿ ಸಂಕೋಚದಿಂದ, "ಮೇಡಂ, ನಿಮ್ಮ ಯಜಮಾನರ ಮನೇಲಿ ಹೆರಿಗೆಯಂತೆ. ಆದ್ರೆ ನೀವು ಇಲ್ಲೇ ಇದ್ದೀರಲ್ಲ?" ಎಂದಿದ್ದರು.