ಲಿಂಕ್ ಮೇಷ್ಟ್ರೂ ಮೂವತ್ತೆರಡು ಕೈಗಳೂ

"ದೂರದಲ್ಲಿ ಕೂತವರ ಒಂದೇ ಒಂದು ದನಿಯೂ ಇವತ್ತು ನನ್ನ ಕಿವಿ ತಪ್ಪಿಸ್ಕೊಂಡು ಹೋಗಲ್ಲ!" ಎಂದು ಲಿಂಕ್ ಮೇಷ್ಟ್ರು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಅರ್ಧ ಘೋಷಣೆ ನೊರೆಯಾಗಿ ಕನ್ನಡಿಗೆ ಸಿಡಿಯಿತು.

ಆ ಹೆಸರು ಕಚೇರಿಯವರು ಇಟ್ಟದ್ದು. ನೌಕರರಿಗೆ ತರಬೇತಿ ಕೊಡುವುದು ಅವರ ಕೆಲಸ. ಏನು ಕೇಳಿದರೂ "ಲಿಂಕ್ ಕಳಿಸ್ತೀನಿ" ಅನ್ನುವುದು ಅವರ ಸ್ವಭಾವ. ಹನ್ನೊಂದು ವರ್ಷದಿಂದ ಅವರು ಕಣ್ಣಿಟ್ಟಿದ್ದ ಆನ್‌ಲೈನ್ ತರಬೇತಿ ವಿಭಾಗದ ಮುಖ್ಯಸ್ಥನ ಕುರ್ಚಿ ಕೊನೆಗೂ ಖಾಲಿಯಾಗಿತ್ತು. ಆ ಕುರ್ಚಿಗೂ ಮೇಷ್ಟ್ರಿಗೂ ನಡುವೆ ಉಳಿದದ್ದು ಒಂದೇ ಒಂದು ಪ್ರಾತ್ಯಕ್ಷಿಕೆ. ವಿಷಯ: 'ದೂರದಿಂದ ಭಾಗವಹಿಸುವವರನ್ನು ಒಳಗೊಳ್ಳುವುದು ಹೇಗೆ?' ಬೇರೆ ಬೇರೆ ಶಾಖೆಗಳಿಂದ ಮೂವತ್ತು ಜನ ಪರದೆಗೆ ಬರುವವರಿದ್ದರು. ಮೂವತ್ತೊಂದನೆಯವರು ನಿರ್ದೇಶಕಿ. ಅವರು ಮೆಚ್ಚಿದರೆ ಕುರ್ಚಿ, ಮೆಚ್ಚದಿದ್ದರೆ ಮತ್ತೆ ಹನ್ನೊಂದು ವರ್ಷ!

ಹೆಂಡತಿಯನ್ನು ಒಳಗೊಳ್ಳುವ ವಿಧಾನವನ್ನೂ ಮೇಷ್ಟ್ರು ಮೊದಲೇ ಸಿದ್ಧಪಡಿಸಿದ್ದರು.

"ನೋಡು, ಹತ್ತರಿಂದ ಹನ್ನೊಂದರವರೆಗೆ ಬಾಗಿಲು ಬಡಿಯೋ ಹಾಗಿಲ್ಲ, ಕೂಗೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ."

"ಮನೆಗೆ ಬೆಂಕಿ ಬಿದ್ರೆ?"

"ಲಿಂಕ್ ಕಳಿಸಿರ್ತೀನಿ. ಒಳಗೆ ಬಂದು ಕೈ ಎತ್ತು!"

ಹೆಂಡತಿ ಬಸ್ ಕಂಡಕ್ಟರ್. ಕೊನೆಯ ಪ್ರಯಾಣಿಕನ ಎರಡೂ ಕಾಲು ಬಸ್ಸಿನೊಳಗೆ ಬಿದ್ದ ಮೇಲೆಯೇ ಸೀಟಿ ಊದುವುದು ಅವಳ ಹದಿನಾರು ವರ್ಷದ ಅಭ್ಯಾಸ. ಆವತ್ತು ಅವಳಿಗೆ ವಾರದ ರಜೆ, ಅಂದರೆ ರಾಶಿ ಬಟ್ಟೆ ಒಗೆಯುವ ದಿನ. ವಾಷಿಂಗ್ ಮಷಿನ್ನಿನ ಸೋರುವ ಪೈಪನ್ನು ಹಿಂದಿನ ದಿನವಷ್ಟೇ ಮೇಷ್ಟ್ರು ಒಂದು ವಿಡಿಯೊ ನೋಡಿ ಸ್ವಹಸ್ತದಿಂದ ರಿಪೇರಿ ಮಾಡಿದ್ದರು. "ಪ್ಲಂಬರ್ ಕರೆಸೋಣ ಕಣ್ರೀ" ಎಂದವಳಿಗೆ "ಆನ್‌ಲೈನ್ ಕಲಿಕೆ ಇರುವಾಗ ಪ್ಲಂಬರ್ ಯಾಕೆ?" ಎಂದು ಮೀಸೆ ತಿರುವಿದ್ದರು.

ಹತ್ತಕ್ಕೆ ಸರಿಯಾಗಿ ಮೇಷ್ಟ್ರು ಕೋಣೆಯ ಚಿಲಕ ಹಾಕಿ, ಹೊರಗಿನ ಸದ್ದನ್ನೆಲ್ಲ ನುಂಗುವ ಹೆಡ್‌ಫೋನ್ ಏರಿಸಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತರು. ಶಿಸ್ತಿಗಾಗಿ ಎಲ್ಲರ ಮೈಕ್ ಮುಚ್ಚಿದರು. ಗಮನ ಚೆದುರದಿರಲೆಂದು ಚಾಟ್ ಮುಚ್ಚಿದರು. ಹೀಗೆ ಮೂವತ್ತೊಂದು ಬಾಯಿಗೂ ಬೀಗ ಜಡಿದ ಮೇಲೆ "ಪ್ರತಿಯೊಬ್ಬರ ದನಿಯೂ ಮುಖ್ಯ!" ಎಂದು ಶುರು ಮಾಡಿದರು.

ಹತ್ತೂ ಹತ್ತಕ್ಕೆ ಪೈಪ್ ಕಿತ್ತುಕೊಂಡಿತು. ನೀರು ಅಂದರೆ ಎಂಥ ನೀರು! ಅದನ್ನು ನಿಲ್ಲಿಸುವ ದೊಡ್ಡ ವಾಲ್ವ್ ಇರುವುದೆಲ್ಲಿ? ಮೇಷ್ಟ್ರ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದೆ! ಹೆಂಡತಿ ಬಾಗಿಲು ಬಡಿದಳು. ಗಂಟಲು ಹರಿಯುವಂತೆ ಕೂಗಿದಳು. ಸೀಟಿ ಊದಿದಳು, ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ ನಿಂತಿತು, ಮೇಷ್ಟ್ರು ನಿಲ್ಲಲಿಲ್ಲ. ಅವರ ಫೋನೂ ಸ್ವಿಚ್ ಆಫ್. ಬೇರೆ ದಾರಿಯಿಲ್ಲದೆ ತನ್ನ ಫೋನಿನ ಡೇಟಾ ಹಾಕಿಕೊಂಡು ಲಿಂಕ್ ಒತ್ತಿದಳು.

'ದಯವಿಟ್ಟು ಕಾಯಿರಿ. ಆತಿಥೇಯರು ನಿಮ್ಮನ್ನು ಒಳಗೆ ಬಿಡುತ್ತಾರೆ' ಎಂದಿತು ಪರದೆ.

"ನನ್ನ ಮನೇಲಿ ನನ್ನನ್ನೇ ಒಳಗೆ ಬಿಡೋಕೆ ಇವರ್ಯಾರು!" ಎಂದು ಹಲ್ಲು ಕಡಿಯುತ್ತ, ಪಾದ ಮುಳುಗುವ ನೀರಿನಲ್ಲಿ ಆರು ನಿಮಿಷ ಕಾದಳು.

ಕೊನೆಗೂ ಮೇಷ್ಟ್ರು ಬಿಟ್ಟುಕೊಂಡರು. ಬಂದವರು ಯಾರು ಎಂದು ನೋಡುವ ಪುರುಸೊತ್ತೆಲ್ಲಿ? "ತಡವಾಗಿ ಬಂದವರಿಗೂ ಸ್ವಾಗತ! ನಿಮ್ಮ ಕೈ ನಾವು ಬಿಡಲ್ಲ!" ಎಂದು ಮುಂದಿನ ಸ್ಲೈಡಿಗೆ ಹಾರಿದರು. ಅವಳು ಮೈಕ್ ಒತ್ತಿದಳು, ಬೀಗ. ಚಾಟ್ ಒತ್ತಿದಳು, ಅದಕ್ಕೂ ಬೀಗ. ಕೈ ಎತ್ತಿದಳು, ಜೊತೆಗೆ ಕ್ಯಾಮೆರಾವನ್ನು ನೀರಿನ ಕಡೆ ತಿರುಗಿಸಿದಳು.

ಎಲ್ಲರೂ ನೋಡಿದರು. ಮೇಷ್ಟ್ರ ಚಪ್ಪಲಿಯೊಂದು ತೇಲುತ್ತ ಅವರದೇ ಕೋಣೆಯತ್ತ ಹೊರಟಿತ್ತು. ನೋಡಿದವರೆಲ್ಲ ಕೈ ಎತ್ತಿದರು, ನಿರ್ದೇಶಕಿಯೂ! ಆದರೆ ಮೇಷ್ಟ್ರ ಪರದೆ ತುಂಬ ಅವರದೇ ಸ್ಲೈಡು. ಮೂಲೆಯಲ್ಲಿ ಎತ್ತಿದ ಕೈಗಳ ಸಂಖ್ಯೆಯಷ್ಟೇ ಕಾಣುತ್ತಿತ್ತು.

"ಆಹಾ, ಮೂವತ್ತೆರಡು ಕೈ!" ಮೇಷ್ಟ್ರ ದನಿ ಗದ್ಗದವಾಯಿತು. "ನಿಮ್ಮ ಉತ್ಸಾಹ ಕಂಡು ಹೃದಯ ತುಂಬಿ ಬಂತು. ಪ್ರಶ್ನೆಗಳನ್ನ ಕೊನೇಲಿ ತಗೊಳ್ತೀನಿ!"

ಮೂವತ್ತೊಂದು ಜನರಿದ್ದ ಸಭೆಯಲ್ಲಿ ಮೂವತ್ತೆರಡನೆಯ ಕೈ ಯಾರದೆಂದು ಕೇಳಬೇಕೆನಿಸಲಿಲ್ಲ, ಪುಣ್ಯಾತ್ಮರಿಗೆ!

ಅಷ್ಟರಲ್ಲಿ ನೀರು ಬಾಗಿಲ ಸಂದಿಯಿಂದ ಕೋಣೆಗೆ ನುಗ್ಗಿತು. ಒಳಗೆ ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೇ ಬಿದ್ದಿರುತ್ತದೆ ಎಂಬುದು ಹೆಂಡತಿಗೆ ನೆನಪಾಯಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ! ಎಂಥ ಪೆದ್ದನಾದರೂ ಇರುವವನು ಒಬ್ಬನೇ ಗಂಡ. ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದಳು.

ಮೇಷ್ಟ್ರ ಕಂಪ್ಯೂಟರ್ ಕಪ್ಪಾಯಿತು. ಆತಿಥೇಯ ಮಾಯವಾದರೆ ಆ ಪಟ್ಟವನ್ನು ಮೊದಲು ಕೈ ಎತ್ತಿದವರಿಗೆ ಕಟ್ಟುವುದು ಆ ಆ್ಯಪಿನ ಕ್ರಮ. ಹೆಂಡತಿಯ ಫೋನಿನಲ್ಲಿ ಬೀಗಗಳೆಲ್ಲ ತೆರೆದುಕೊಂಡವು. ಬೀಗ ಬಿಚ್ಚಿದ ಬಾಯಿಗಳು ಒಟ್ಟಿಗೆ ಅರಚಿದವು. ಅವಳು ಸೀಟಿ ಊದಿದಳು. ಎಲ್ಲ ಗಪ್‌ಚುಪ್!

"ಒಬ್ಬೊಬ್ಬರೇ! ಆ ಮೂಲೇಲಿ ಕನ್ನಡಕದವರು, ಆಗಿನಿಂದ ಬಾಯಿ ಆಡಿಸ್ತಿದ್ದೀರಿ. ನೀವು ಮೊದಲು ಹೇಳಿ."

ಕನ್ನಡಕದ ಗುಮಾಸ್ತರು ಮೂರು ವರ್ಷದ ತರಬೇತಿಗಳಲ್ಲಿ ಮೊದಲ ಬಾರಿಗೆ ಮಾತಾಡಿದರು. "ಮಷಿನ್ ಸ್ವಲ್ಪ ಸರಿಸಿ ಅಮ್ಮಾ. ಹಿಂದೆ ಗೋಡೇಲಿ ಚಿಕ್ಕ ನಲ್ಲಿ ಇರುತ್ತೆ. ಬಲಕ್ಕೆ ತಿರುಗಿಸಿ."

ಮೈಕ್ ಕೆಟ್ಟಿದ್ದ ಇನ್ನೊಬ್ಬರು ಚಾಟಿನಲ್ಲಿ ಬರೆದರು. ಅದನ್ನು ಎಲ್ಲರಿಗೂ ಕೇಳುವಂತೆ ಅವಳೇ ಓದಿದಳು: "ಜಾರುತ್ತೆ, ಕೈಗೆ ಬಟ್ಟೆ ಸುತ್ಕೊಳ್ಳಿ." ಸುತ್ತಿದಳು, ತಿರುಗಿಸಿದಳು, ನೀರು ನಿಂತಿತು. ಪರದೆ ತುಂಬ ಚಪ್ಪಾಳೆ!

"ಮಾತಾಡದೆ ಯಾರಾದ್ರೂ ಉಳ್ಕೊಂಡ್ರಾ?" ಎಂದು ಅವಳು ಅಭ್ಯಾಸದಂತೆ ಕೇಳುವಾಗಲೇ ಮೇಷ್ಟ್ರು ಪ್ಯಾಂಟು ಮೊಳಕಾಲಿಗೇರಿಸಿಕೊಂಡು ಹೊರಗೆ ಬಂದರು. "ಕರೆಂಟ್ ಹೋಯ್ತು ಕಣೇ! ನನ್ನ ಕುರ್ಚಿ ಹೋಯ್ತು!"

"ನಾನೂ ಉಳಿದಿದ್ದೆ" ಎಂದಿತು ಫೋನಿನಿಂದ ನಿರ್ದೇಶಕಿಯ ದನಿ. "ದೂರದವರನ್ನು ಒಳಗೊಳ್ಳೋದು ಅಂದ್ರೆ ಇದು! ಮುಖ್ಯಸ್ಥರ ಹುದ್ದೆಗೆ..."

ಮೇಷ್ಟ್ರು ಗಬಕ್ಕನೆ ಫೋನಿಗೆ ಮುಖ ತೂರಿಸಿ ಹಲ್ಲು ಕಿರಿದರು.

"...ಆಸೆಪಡೋರು ಮೊದಲು ಈ ಅಮ್ಮನ ಹತ್ತಿರ ಒಂದು ತಿಂಗಳು ತರಬೇತಿ ತಗೊಂಡು ಬರಲಿ. ನಿಮಗೇ ಹೇಳಿದ್ದು ಮೇಷ್ಟ್ರೇ."

ತರಬೇತಿ ಆ ಕ್ಷಣವೇ ಆರಂಭವಾಯಿತು. ಹೆಂಡತಿ ಬಕೆಟ್ಟು, ನೆಲ ಒರೆಸುವ ಬಟ್ಟೆ ತಂದು ಮುಂದಿಟ್ಟು, ಕಾಲು ಮಡಚಿ ಕುರ್ಚಿಯ ಮೇಲೆ ಕೂತಳು. ಅರ್ಧ ಮನೆ ಒರೆಸುವಷ್ಟರಲ್ಲಿ ಮೇಷ್ಟ್ರ ಸೊಂಟ ಹಿಡಿದುಕೊಂಡಿತು. ಬಗ್ಗಿದಲ್ಲಿಂದಲೇ ಮೆಲ್ಲಗೆ ಕೈ ಎತ್ತಿದರು.

ಅವಳು ನೋಡಿದಳು. ಹೃದಯ ತುಂಬಿ ಬಂದವರ ಹಾಗೆ ನಕ್ಕಳು.

"ನಿಮ್ಮ ಉತ್ಸಾಹ ಕಂಡು ತುಂಬಾ ಸಂತೋಷ ಆಯ್ತು ಕಣ್ರೀ. ಪ್ರಶ್ನೆಗಳನ್ನ ಕೊನೇಲಿ ತಗೊಳ್ತೀನಿ!"