ನಾನು ಕಟ್ಟಿದ ಜೇನುಮನೆ

ಗೋಡೆಗೊಂದು ಮೊಳೆ ಹೊಡೆಯಲೂ ಪಕ್ಕದ ಮನೆಯವರನ್ನು ಕರೆಯುವ ಗಂಡಸರ ಸಾಲಿಗೆ ಸೇರಿದವನಲ್ಲ ನಾನು! ಆದ್ದರಿಂದಲೇ, ಜೇನು ಸಾಕುವ ತರಬೇತಿ ಮುಗಿಸಿ ಬಂದ ಹೆಂಡತಿ, "ಭಾನುವಾರ ಸಂಜೆ ಮೇಷ್ಟ್ರು ಜೇನು ತಂದ್ಕೊಡ್ತಾರೆ. ಅಷ್ಟರೊಳಗೆ ಬಡಗಿಗೆ ಹೇಳಿ ಪೆಟ್ಟಿಗೆ ಮಾಡಿಸ್ಬೇಕು" ಎಂದಾಗ ನನ್ನ ಸ್ವಾಭಿಮಾನಕ್ಕೆ ಜೇನು ಕುಟುಕಿದಂತಾಯಿತು.

"ಬಡಗಿ ಯಾಕೆ? ನಾನಿಲ್ವಾ?"

"ನೀವಿದ್ದೀರಿ ಅಂತಾನೇ ಭಯ!"

ಅವಳ ತರಬೇತಿ ಪುಸ್ತಕದಲ್ಲಿ ಚಿತ್ರವಿತ್ತು. ಜೇನುಗಳು ಮೊಟ್ಟೆಯಿಟ್ಟು ಮರಿ ಮಾಡುವ ಕೆಳಗಿನ ಪೆಟ್ಟಿಗೆಗೆ 'ಸಂಸಾರ ಕೋಣೆ' ಎಂದು ಹೆಸರು. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಇದೇನು ಮಹಾ! ಹಾಲ್ ತುಂಬ ಹಲಗೆ ಹರಡಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಗರಗಸ ಎತ್ತಿದೆ.

ಎರಡೇ ದಿನದಲ್ಲಿ ಪೆಟ್ಟಿಗೆ ಎದ್ದು ನಿಂತಿತು. ಜೇನುಗಳು ಎರಿ ಕಟ್ಟಲೆಂದು ಒಳಗೆ ತೂಗುಬಿಡುವ ಚೌಕಟ್ಟುಗಳು ಮಾತ್ರ ಒಳಗಿಳಿಯಲು ಒಪ್ಪಲಿಲ್ಲ. ಪುಸ್ತಕದಲ್ಲಿದ್ದದ್ದು ಒಳ ಅಳತೆ, ನಾನು ಅಳೆದದ್ದು ಹೊರಗಿನಿಂದ. ಹಲಗೆಗೂ ದಪ್ಪ ಎಂಬುದೊಂದು ಇರುತ್ತದೆಂದು ಯಾರು ಕಂಡಿದ್ದರು! ಚೌಕಟ್ಟುಗಳ ಎರಡೂ ತುದಿ ಕತ್ತರಿಸಿದೆ. ಪೆಟ್ಟಿಗೆಯ ಅಂಚಿಗೆ ಆತು ತೂಗಬೇಕಾದ ತುದಿಗಳೇ ಹೋಗಿದ್ದರಿಂದ ಎಂಟಕ್ಕೆಂಟೂ ದಡದಡನೆ ತಳ ಸೇರಿದವು.

"ರೀ, ನಿಮ್ಮ ಕೆಲಸಕ್ಕೆ ಒಂದು ಚೌಕಟ್ಟೇ ಇಲ್ಲ!"

ಈ ಮಾತಿಗೆ ಹಠ ಬಂತು. ಮೊದಲಿನಿಂದ ಶುರು ಮಾಡಿದೆ. ಶನಿವಾರ ಒಂದು ಹಲಗೆ ಕಡಿಮೆ ಬಿತ್ತು, ಅಂಗಡಿ ಮುಚ್ಚಿತ್ತು. ಒಳಕೋಣೆಯ ಮಂಚದ ಹಾಸಿಗೆ ಎತ್ತಿ ನೋಡಿದರೆ ಕೆಳಗೆ ಆರು ಹಲಗೆ! ಮಲಗುವವರಿಗೆ ಐದು ಸಾಲದೇ?

ಸಾಲಲಿಲ್ಲ. ಮಗಳ ಜೇನು ನೋಡಲೆಂದು ಅಂದೇ ಬಂದಿಳಿದ ಅತ್ತೆ ಮಂಚದ ಮೇಲೆ ಕೂತದ್ದೇ ತಡ, ಹಾಸಿಗೆ ಸಮೇತ ಮಡಚಿಕೊಂಡು ಪಾತಾಳಕ್ಕಿಳಿದರು. ಮೇಲೆ ಉಳಿದದ್ದು ಒಂದು ಕನ್ನಡಕ, ಎರಡು ಪಾದ.

"ಅಳಿಯಂದ್ರೇ, ಇದು ಮಂಚಾನೋ ಬಾವಿನೋ?"

"ಅಯ್ಯೋ! ನೋವಾಯ್ತಾ ಅತ್ತೆ?"

"ಮೊದ್ಲು ಎತ್ತಿ, ಆಮೇಲೆ ವಿಚಾರಿಸ್ಕೊಳ್ಳಿ!"

ಹೆಂಡತಿ ಮಾತು ಬಿಟ್ಟಳು. ಅವಳ ಮನಸ್ಸು ಕರಗಿಸಲು ನಾನು ಮೇಣ ಕರಗಿಸಿದೆ, ಅದೂ ಅವಳ ಹಾಲಿನ ಪಾತ್ರೆಯಲ್ಲೇ! ಜೇನಿಗೆ ಇರುವೆ ಶತ್ರುವಂತೆ. ಕೂದಲೆಳೆಯಷ್ಟು ಸಂದಿಯನ್ನೂ ಬಿಡದೆ ಮೇಣ ತುಂಬಿ, ಮುಚ್ಚಳಕ್ಕೆ ಸುತ್ತಲೂ ಇಪ್ಪತ್ನಾಲ್ಕು ಮೊಳೆ ಜಡಿದೆ.

ಭಾನುವಾರ ಸಂಜೆ ಮೇಷ್ಟ್ರು ಗುಂಯ್‌ಗುಡುವ ಪೆಟ್ಟಿಗೆಯೊಂದನ್ನು ಹಿಡಿದು ಬಂದರು. ನಾನು ಬಟ್ಟೆ ಸರಿಸಿ ನನ್ನ ಕೃತಿಯನ್ನು ಅನಾವರಣಗೊಳಿಸಿದೆ. ಅವರು ಒಂದು ಸುತ್ತು ಹಾಕಿ, ತಟ್ಟಿ ನೋಡಿದರು.

"ಭದ್ರವಾಗಿದೆ ಸಾರ್. ಒಂದು ಇರುವೆನೂ ಒಳಗೆ ಹೋಗಲ್ಲ."

ನಾನು ಹೆಂಡತಿಯತ್ತ ವಿಜಯದ ನೋಟ ಬೀರಿದೆ.

"ಜೇನೂ ಹೋಗಲ್ಲ. ಬಾಗಿಲೆಲ್ಲಿ ಸಾರ್?"

ಬುಡದಲ್ಲೊಂದು ಉದ್ದನೆಯ ಸಂದಿಯಿತ್ತು, ನಿಜ. ನನ್ನ ಅಳತೆಯ ತಪ್ಪೆಂದುಕೊಂಡು ಅದಕ್ಕೂ ಮೇಣ ಮೆತ್ತಿದ್ದೆ. ಇಡೀ ಪೆಟ್ಟಿಗೆಯಲ್ಲಿ ನಾನು ಸರಿಯಾಗಿ ಮಾಡಿದ್ದು ಆ ಸಂದಿಯೊಂದನ್ನೇ!

"ಪಾಪ, ಅವು ಕಾಲಿಂಗ್ ಬೆಲ್ ಒತ್ಕೊಂಡು ನಿಂತಿರ್ಬೇಕಿತ್ತಾ?" ಹೆಂಡತಿ ಕೊನೆಗೂ ಬಾಯಿ ಬಿಟ್ಟಳು.

"ಇರ್ಲಿ ಬಿಡಿ, ಜೇನು ನಾನು ತಂದಿರೋ ಪೆಟ್ಟಿಗೆಯಲ್ಲೇ ಇರ್ಲಿ," ಎಂದ ಮೇಷ್ಟ್ರು ನನ್ನದನ್ನು ಕಂಕುಳಿಗೆ ಏರಿಸಿಕೊಂಡರು. "ಇದನ್ನ ನಾನು ತಗೊಂಡು ಹೋಗ್ಲಾ?"

ನನ್ನ ಎದೆ ಮತ್ತೆ ಉಬ್ಬಿತು. "ಅಷ್ಟು ಚೆನ್ನಾಗಿದೆಯಾ ಮೇಷ್ಟ್ರೇ?"

"ತರಬೇತಿಗೆ ಬರೋರಿಗೆ ಬಾಯಲ್ಲಿ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ ಸಾರ್. ಏನೇನು ಮಾಡ್ಬಾರ್ದೋ, ಅಷ್ಟೂ ಇದೊಂದರಲ್ಲೇ ಇದೆ!"